ಅಂಗಡಿ ಮ್ಯಾಲ ಸುಳ್ಳು ವಿಡಿಯೋ ಹಾಕಿ ರೊಕ್ಕ ಕೇಳ್ಲತ್ತಾರ, ಕಾನೂನಿನ್ಯಾಗ ಏನ್ ದಾರಿ ಅದ?

ಮಿಠಾಯಿ_ಸೂಪರ್‌ಮಾರ್ಕೆಟ್ (ಕಲಬುರಗಿ)

ಎಲ್ಲಾರಿಗೂ ಶರಣು. ಸೂಪರ್ ಮಾರ್ಕೆಟ್ ಹತ್ರ ನಮ್ಮ ಮಿಠಾಯಿ ಅಂಗಡಿ ಅದ, ನಮ್ಮಪ್ಪ ಶುರು ಮಾಡಿದ್ದು. ಹೋದ ವಾರ ಇನ್‌ಸ್ಟಾಗ್ರಾಂನ್ಯಾಗ ಒಂದು ಲೋಕಲ್ ಪೇಜಿನವರು ನಮ್ಮ ಮಾಲ್‌ಪೂರಿಯೊಳಗ ಹುಳ ಸಿಕ್ಕದ ಅಂತ ವಿಡಿಯೋ ಹಾಕ್ಯಾರ. ಅದರಾಗಿರೋ ಡಬ್ಬಿ ನಮ್ಮದಲ್ಲ. ನಮ್ಮ ಡಬ್ಬಿ ಮ್ಯಾಲ ಅಂಗಡಿ ಹೆಸರು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಎರಡೂ ಇರ್ತಾವ. ವಿಡಿಯೋದಾಗ ಇರೋದು ಖಾಲಿ ಬಿಳಿ ಡಬ್ಬಿ. ಮೊದಲು ನಮ್ಮ ಬೋರ್ಡು ತೋರಿಸಿ, ಆಮ್ಯಾಲ ಆ ಡಬ್ಬಿ ತೋರಿಸ್ಯಾರ, ನೋಡಿದವರು ನಮ್ಮದೇ ಅಂದ್ಕೋತಾರ.

ಮರುದಿನ ಒಬ್ಬವ ಫೋನ್ ಮಾಡಿ, ‘ನಮ್ಮ ಪ್ರಮೋಶನ್ ಪ್ಯಾಕೇಜ್ ತಗೋರಿ, ವಿಡಿಯೋ ತೆಗಿತೀವಿ, ಇಲ್ಲಂದ್ರ ಎರಡನೇ ಪಾರ್ಟ್ ಬರ್ತದ’ ಅಂದ. ವಾಟ್ಸಾಪ್‌ನ್ಯಾಗ ರೇಟ್ ಸುದ್ದಾ ಕಳಿಸ್ಯಾನ. ಸಿಸಿಟಿವಿಯೊಳಗ ಆ ಹುಡುಗರು ಅಂಗಡಿಗಿ ಬಂದು ಹೋಗಿದ್ದು ಕಾಣಿಸ್ತದ. ನಮ್ಮ ತಮ್ಮ ಅವರ ಮುಖ, ಫೋನ್ ನಂಬರ್ ಎಲ್ಲಾ ಹಾಕಿ ನಾವೂ ಒಂದು ವಿಡಿಯೋ ಬಿಡೋಣು ಅಂತಾನ. ಮಾಡಬಹುದಾ? ಪೊಲೀಸ್ ಕೇಸ್ ಆಗ್ತದಾ? ತಿಳಿದವರು ಹೇಳ್ರಿ. ಮನ್ಯಾಗ ಅಪ್ಪನ ಮುಖ ನೋಡ್ಲಿಕ್ಕೆ ಆಗ್ಲತ್ತಿಲ್ಲ.

ಗಂಜ್_ಅಡತಿ (ಕಲಬುರಗಿ)

ರೊಕ್ಕ ಮಾತ್ರ ಕೊಡಬ್ಯಾಡ್ರಿ ಅಣ್ಣಾ. ಒಮ್ಮಿ ಕೊಟ್ರ ದೀಪಾವಳಿಗೊಮ್ಮಿ, ಯುಗಾದಿಗೊಮ್ಮಿ ಬರ್ತಾರ. ಗಂಜಿನ್ಯಾಗ ಇಂಥಾವು ಭಾಳ ನೋಡೀವಿ.

ವಕೀಲ_ಕಲಬುರಗಿ

ನಿಮ್ಮ ವಿಷಯದಾಗ ಎರಡು ಬೇರೆ ಬೇರೆ ಅಪರಾಧ ಅವ. ಎರಡನ್ನೂ ಕಲಸಿ ಒಂದೇ ಅರ್ಜಿ ಕೊಟ್ಟವರು ಠಾಣೆಯಿಂದ ಬರಿಗೈಲೆ ಬರೋದು ನೋಡೀನಿ, ಅದಕ್ಕ ಬಿಡಿಸಿ ಬರೀತೀನಿ.

ಒಂದು ಮಾನಹಾನಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕ ಭಾರತೀಯ ನ್ಯಾಯ ಸಂಹಿತೆ ಬಂದದ, ಮೊದಲಿನ 499 ಮತ್ತು 500ನೇ ಕಲಂ ಈಗ 356. ಎರಡು ವರ್ಷದ ತನಕ ಸಾದಾ ಸಜೆ, ಇಲ್ಲಾ ದಂಡ, ಇಲ್ಲಾ ಎರಡೂ, ಇಲ್ಲಾ ಸಮುದಾಯ ಸೇವೆ. ಕಂಪನಿ, ಸಂಸ್ಥೆಗೂ ಮಾನ ಅದ ಅಂತ ಆ ಕಲಮಿನ ವಿವರಣೆಯಲ್ಲೇ ಅದ. ಆದ್ರ ಇದು ಅಸಂಜ್ಞೇಯ ಅಪರಾಧ, ಪೊಲೀಸರು ತಾವಾಗೇ ಎಫ್‌ಐಆರ್ ಹಾಕಂಗಿಲ್ಲ. ‘ಕೋರ್ಟಿಗೆ ಹೋಗ್ರಿ’ ಅಂತ ಸ್ಟೇಷನ್ನಿನವರು ಅಂದ್ರ ಅದು ಕಾನೂನಿನ ಮಾತೇ, ಸಿಟ್ಟಾಗಬ್ಯಾಡ್ರಿ. ಮ್ಯಾಜಿಸ್ಟ್ರೇಟ್ ಮುಂದ ಖಾಸಗಿ ದೂರು ಕೊಡಬೇಕು. ಸಿಆರ್‌ಪಿಸಿ ಜಾಗಕ್ಕ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ, ಕೋರ್ಟು ದೂರನ್ನ ಕೈಗೆತ್ತಿಕೊಳ್ಳೋ ಮೊದಲೇ ಆರೋಪಿಗೂ ಮಾತಾಡೋ ಅವಕಾಶ ಕೊಡ್ತದ. ಹಂಗಾಗಿ ಟೈಮ್ ಹಿಡೀತದ.

ಎರಡನೇದು ಸುಲಿಗೆ, ನಿಮ್ಮ ಕೈಯಾಗ ಗಟ್ಟಿ ಇರೋದು ಇದೇ. ನ್ಯಾಯ ಸಂಹಿತೆಯ 308ನೇ ಕಲಂ ಓದಿದ್ರ ಮೊದಲನೇ ಉದಾಹರಣೆನೇ ನಿಮ್ಮ ಕತಿ: ‘ರೊಕ್ಕ ಕೊಡದಿದ್ರ ನಿನ್ನ ಮಾನ ತೆಗಿಯೋ ಬರಹ ಪ್ರಕಟಿಸ್ತೀನಿ’ ಅಂತ ಹೆದರಿಸಿ ರೊಕ್ಕ ಪಡೆದ್ರ ಅದು ಸುಲಿಗೆ. ಬ್ರಿಟಿಷರ ಕಾಲದ 1860ರ ಐಪಿಸಿಯಿಂದ ಅದೇ ಉದಾಹರಣೆ ಉಳಕೊಂಡು ಬಂದದ. ರೊಕ್ಕ ಕೈ ಸೇರಿದ್ರ ಏಳು ವರ್ಷದ ತನಕ ಶಿಕ್ಷೆ. ಸುಲಿಗೆ ಮಾಡ್ಲಿಕ್ಕೆ ಬರೇ ಹೆದರಿಸಿದ್ರೂ ಎರಡು ವರ್ಷದ ತನಕ ಅದ. ಇದು ಸಂಜ್ಞೇಯ, ಎಫ್‌ಐಆರ್ ಆಗಲೇಬೇಕು. ಅರ್ಜಿಯೊಳಗ ಮೊದಲು ಫೋನ್ ಬಂದಿದ್ದು, ರೇಟ್ ಕಳಿಸಿದ್ದು ಬರೀರಿ. ಹುಳದ ಮಾತು ಆಮ್ಯಾಲ ಬರಲಿ.

ತಮ್ಮನ ವಿಚಾರ: ಬ್ಯಾಡ್ರಿ. ಇವತ್ತಿಗೆ ನೀವು ದೂರುದಾರರು. ಅವರ ಮುಖ, ನಂಬರ್ ಹಾಕಿ ‘ಇವರೇ ಕಳ್ಳರು’ ಅಂದ ಕೂಡ್ಲೇ ನೀವೂ 356ರ ಕೆಳಗ ಬರ್ತೀರಿ. ಕೆಳಗ ಯಾರೋ ಜಾತಿ ಧರ್ಮ ಎತ್ತಿ ಕಮೆಂಟ್ ಹಾಕ್ತಾರ, ಅದರ ತಲಿನೋವು ಬೇರೆ. ಫೂಟೇಜ್ ಪೊಲೀಸರಿಗೆ ಕೊಡ್ರಿ.

ವಕೀಲ_ಕಲಬುರಗಿ

ಬರಿಯೋದು ಉಳೀತು, ಸಾಕ್ಷಿ ವಿಷಯ. ಇಲ್ಲೇ ಅರ್ಧಕ್ಕರ್ಧ ಕೇಸ್ ಬಿದ್ದು ಹೋಗ್ತಾವ.

ಸಿಸಿಟಿವಿ ಡಿವಿಆರ್ ಹಾರ್ಡ್‌ಡಿಸ್ಕ್ ತುಂಬಿದ ಮ್ಯಾಲ ಹಳೇದರ ಮ್ಯಾಲೇ ಹೊಸದು ಬರೀತದ, ಇವತ್ತೇ ಕಾಪಿ ತೆಗೆಸ್ರಿ. ವಿಡಿಯೋದ ಲಿಂಕ್, ಪೇಜಿನ ಪೂರಾ ಯೂಸರ್‌ನೇಮ್, ಹಾಕಿದ ತಾರೀಖು ಕಾಣೋಹಂಗ ಸ್ಕ್ರೀನ್ ರೆಕಾರ್ಡ್ ಮಾಡ್ರಿ. ಪೇಜಿನ ಹೆಸರು ಅವರು ನಾಳೆ ಬದಲ್ ಮಾಡ್ತಾರ, ಲಿಂಕ್ ಇದ್ರ ಹಿಡೀಲಿಕ್ಕೆ ಸಸಾರ. ವಾಟ್ಸಾಪ್ ಚಾಟ್ ಡಿಲೀಟ್ ಮಾಡಬ್ಯಾಡ್ರಿ, ಆ ಫೋನ್ ಮಾರಬ್ಯಾಡ್ರಿ, ಫಾರ್ಮ್ಯಾಟ್ ಮಾಡಬ್ಯಾಡ್ರಿ.

ಸ್ಕ್ರೀನ್‌ಶಾಟಿನ ಪ್ರಿಂಟ್ ಒಯ್ದು ಕೋರ್ಟಿಗೆ ಕೊಟ್ರ ಅದು ತಾನಾಗೇ ಸಾಕ್ಷಿ ಆಗಂಗಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಮೊದಲು ಇದನ್ನೇ 65ಬಿ ಅಂತಿದ್ವಿ. ಹೊಸ ನಮೂನೆಯಲ್ಲಿ ಎರಡು ಭಾಗ ಅವ. ಒಂದನ್ನ ದಾಖಲೆ ಕೊಡೋವರು ತುಂಬಬೇಕು, ಇನ್ನೊಂದನ್ನ ತಜ್ಞರು. ಫೈಲಿನ ಹ್ಯಾಷ್ ಮೌಲ್ಯನೂ ಬರೀಬೇಕು. ಹ್ಯಾಷ್ ಅಂದ್ರ ಫೈಲಿನ ಬೆರಳಚ್ಚು ಇದ್ದಂಗ, ಒಂದು ಅಕ್ಷರ ತಿದ್ದಿದ್ರೂ ಪೂರಾ ಬದಲಾಗ್ತದ. ಈ ಪ್ರಮಾಣಪತ್ರ ಕಡ್ಡಾಯ ಅಂತ 2020ರಾಗೇ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಾಗ ಹೇಳ್ಯದ. ಅದು ನಮ್ಮ ನೆರೆಯ ಮಹಾರಾಷ್ಟ್ರದ ಚುನಾವಣಾ ತಕರಾರು.

ಹಿರಿಯ_ವರದಿಗಾರ (ಬೀದರ್)

ವಕೀಲರ ಮಾತಿಗೆ ನನ್ನ ವಿರೋಧವಿಲ್ಲ. ಆದರೆ ಇನ್ನೊಂದು ಬದಿಯನ್ನೂ ಇಲ್ಲಿ ಬರೆಯಲೇಬೇಕು. ನಮ್ಮ ಭಾಗದಲ್ಲಿ ನಿಜವಾಗಿಯೂ ಕೆಟ್ಟ ಆಹಾರ ಮಾರಿದವರ ಮೇಲೆ ಬಡ ಗ್ರಾಹಕ ಒಂದು ವಿಡಿಯೋ ಹಾಕಿದರೆ, ಮಾರನೆಯ ದಿನ ಅಂಗಡಿಯವರಿಂದ ಲೀಗಲ್ ನೋಟಿಸ್ ಬರುತ್ತದೆ. ಅಷ್ಟಕ್ಕೇ ಹೆದರಿ ವಿಡಿಯೋ ತೆಗೆದವರನ್ನು ನಾನು ಬಲ್ಲೆ. 356ನೇ ಕಲಮಿಗೆ ಹತ್ತು ವಿನಾಯಿತಿಗಳಿವೆ. ಮೊದಲನೆಯದೇ ‘ಸತ್ಯವಾಗಿದ್ದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು’. ಕ್ರಿಮಿನಲ್ ಮಾನಹಾನಿ ಇರಬೇಕೋ ಬೇಡವೋ ಎಂಬ ವಾದ 2016ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಕೋರ್ಟು ಅದನ್ನು ಉಳಿಸಿತು. ನನ್ನ ಮಟ್ಟಿಗೆ ಅದು ನೋವಿನ ತೀರ್ಪು.

ಗ್ರಾಹಕರು ಇದನ್ನೂ ತಿಳಿದಿರಬೇಕು: ಆಹಾರ ಸುರಕ್ಷತಾ ಕಾಯ್ದೆ 2006ರ 40ನೇ ಕಲಮಿನಂತೆ, ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ನಿಮಗಿದೆ. ಬಿಲ್ ಇಟ್ಟುಕೊಳ್ಳಿ, ಡಬ್ಬಿಯ ಲೇಬಲ್ ಕಾಣುವಂತೆ ಚಿತ್ರ ತೆಗೆಯಿರಿ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಿಡಿಯೋದಲ್ಲಿ ‘ನನಗೆ ಈ ದಿನ ಕೊಂಡ ಡಬ್ಬಿಯಲ್ಲಿ ಇದು ಸಿಕ್ಕಿತು’ ಎಂದು ಹೇಳಿ. ‘ಇವರು ಊರಿಗೇ ವಿಷ ಹಾಕುತ್ತಿದ್ದಾರೆ’ ಎಂದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಯ ಮೇಲೆ ಬರುತ್ತದೆ.

ಮತ್ತೆ, ಮೈಕಿಗೆ ಲೋಗೋ ಅಂಟಿಸಿಕೊಂಡ ಮಾತ್ರಕ್ಕೆ ಅಡುಗೆಮನೆಗೆ ನುಗ್ಗುವ ಅಧಿಕಾರ ಯಾರಿಗೂ ಇಲ್ಲ. ನನಗೂ ಇಲ್ಲ. ಪತ್ರಕರ್ತನಿಗಿರುವುದು ಎಲ್ಲ ನಾಗರಿಕರಿಗಿರುವ ಅದೇ ವಾಕ್ ಸ್ವಾತಂತ್ರ್ಯ, ಸಂವಿಧಾನದ 19(1)(ಎ). ರೊಕ್ಕ ಕೇಳಿದವನನ್ನು ಪತ್ರಕರ್ತ ಎಂದು ದಯವಿಟ್ಟು ಕರೆಯಬೇಡಿ.

ಮಿಠಾಯಿ_ಸೂಪರ್‌ಮಾರ್ಕೆಟ್ (ಕಲಬುರಗಿ)

ಹಿರಿಯರ ಮಾತು ಖರೇ ಅದ. ನಮ್ಮ ತಪ್ಪಿದ್ರ ಆಹಾರ ಇಲಾಖೆಯವರು ಬಂದು ಸ್ಯಾಂಪಲ್ ಒಯ್ಯಲಿ, ನಾವೇ ಕರೀತೀವಿ.

ಇನ್ನೊಂದು ಪ್ರಶ್ನೆ. ಇನ್‌ಸ್ಟಾಗ್ರಾಂನ್ಯಾಗ ರಿಪೋರ್ಟ್ ಹೊಡದ್ವಿ, ಗೆಳೆಯರ ಕಡಿಂದನೂ ಹೊಡಿಸಿದ್ವಿ. ‘ನಮ್ಮ ನಿಯಮ ಮುರಿದಿಲ್ಲ’ ಅಂತ ಉತ್ತರ ಬಂತು. ಕಂಪನಿ ಮ್ಯಾಲೇ ಕೇಸ್ ಹಾಕಬಹುದಾ?

ವಕೀಲ_ಕಲಬುರಗಿ

ಐಟಿ ಕಾಯ್ದೆ 2000ದ 79ನೇ ಕಲಂ, ಬೇರೆಯವರು ಹಾಕಿದ್ದಕ್ಕ ಹೊಣೆ ಆಗದಂಗ, ಆ ಕಂಪನಿಗಳಿಗೆ ರಕ್ಷಣೆ ಕೊಟ್ಟದ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನ್ಯಾಗ ಆನ್‌ಲೈನ್ ಬರಹಕ್ಕ ಶಿಕ್ಷೆ ಕೊಡ್ತಿದ್ದ 66ಎ ಕಲಂ ರದ್ದಾಗಿದ್ದು ಎಲ್ಲಾರಿಗೂ ಗೊತ್ತದ. ಅದೇ ತೀರ್ಪಿನ್ಯಾಗ ಇನ್ನೊಂದು ಮಾತೂ ಅದ: ಕೋರ್ಟಿನ ಆದೇಶ ಇಲ್ಲಾ ಸರ್ಕಾರದ ಸೂಚನೆ ಬಂದಾಗ ತೆಗೀದಿದ್ರ ಮಾತ್ರ ಆ ರಕ್ಷಣೆ ಹೋಗ್ತದ. ಸುಳ್ಳು ಖರೇ ತೀರ್ಮಾನ ಮಾಡೋ ನ್ಯಾಯಾಧೀಶ ಕಂಪನಿ ಆಗಬಾರದು ಅನ್ನೋ ವಿಚಾರ. ಹಂಗಾಗಿ ಎಷ್ಟು ಜನ ರಿಪೋರ್ಟ್ ಹೊಡದ್ರೂ ಉಪಯೋಗ ಕಮ್ಮಿ.

ಆದ್ರೂ 2021ರ ಐಟಿ ನಿಯಮದಂತೆ ಅವರ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕ್ರಿ. ಉತ್ತರ ಸರಿ ಬರದಿದ್ರ ಕೇಂದ್ರದ ಮೇಲ್ಮನವಿ ಸಮಿತಿ ಅದ, 30 ದಿನದೊಳಗ ಆನ್‌ಲೈನ್‌ನ್ಯಾಗೇ ಹಾಕಬಹುದು. ಸಿವಿಲ್ ಕೋರ್ಟಿನ್ಯಾಗ ತಡೆಯಾಜ್ಞೆ ಕೇಳಬಹುದು. ವ್ಯಾಪಾರ ನಿಮ್ಮದು ಇಲ್ಲೇ, ನಷ್ಟ ಆಗಿದ್ದೂ ಇಲ್ಲೇ, ಹಂಗಾಗಿ ದಾವೆನೂ ಕಲಬುರಗಿಯಲ್ಲೇ ಹಾಕಬಹುದು. ಪರಿಹಾರದ ದಾವೆಗೆ ಒಂದೇ ವರ್ಷದ ಕಾಲಮಿತಿ, ಕ್ರಿಮಿನಲ್ ದೂರಿಗೆ ಮೂರು ವರ್ಷ. ‘ನೋಡೋಣು’ ಅಂತ ಕೂತು ಸಿವಿಲ್ ಹಕ್ಕು ಕಳಕೊಂಡವರು ಭಾಳ ಮಂದಿ.

ಯಾದಗಿರಿ_ಮೇಷ್ಟ್ರು

ನಾನು ನಮ್ಮೂರ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಇಂಥ ವಿಡಿಯೋ ದಿನಾ ಬರ್ತಾವ. ಯಾರೋ ಹಾಕಿದ್ದಕ್ಕ ನನ್ನ ಮ್ಯಾಲ ಕೇಸ್ ಆಗ್ತದ ಅಂತ ಹೆದರಿಸ್ತಾರ. ಸರ್ಕಾರಿ ನೌಕರಿ ಬೇರೆ. ಇದು ಖರೇನ್ರಿ?

ವಕೀಲ_ಕಲಬುರಗಿ

ಬರೇ ಅಡ್ಮಿನ್ ಆಗಿದ್ದಕ್ಕ ಅಪರಾಧ ಬರಂಗಿಲ್ಲ ಸರ್. 2021ರಾಗ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಕಿಶೋರ್ ತರೋಣೆ ಪ್ರಕರಣದಾಗ, 2022ರಾಗ ಕೇರಳ ಹೈಕೋರ್ಟ್ ಇದನ್ನೇ ಹೇಳ್ಯಾವ. ಸದಸ್ಯ ಹಾಕಿದ್ದಕ್ಕ ಅಡ್ಮಿನ್ ಹೊಣೆ ಆಗಬೇಕಂದ್ರ ಇಬ್ಬರದೂ ಒಂದೇ ಉದ್ದೇಶ ಇತ್ತು ಅಂತ ತೋರಿಸಬೇಕು. ಅವು ಬೇರೆ ರಾಜ್ಯದ ತೀರ್ಪು. ನಮ್ಮ ಕೋರ್ಟುಗಳ ಮುಂದ ಆಧಾರವಾಗಿ ಇಡಬಹುದು, ಆದ್ರ ನಮ್ಮ ಕೋರ್ಟುಗಳನ್ನ ಅವು ಕಟ್ಟಿಹಾಕಂಗಿಲ್ಲ. ಕೆಟ್ಟದ್ದು ಕಂಡ ಕೂಡ್ಲೇ ಅಳಿಸ್ರಿ, ಹಾಕಿದವನನ್ನ ತೆಗೀರಿ. ಅಳಿಸೋ ಮೊದಲು ಒಂದು ಸ್ಕ್ರೀನ್‌ಶಾಟ್ ಇಟ್ಕೋರಿ.

ಹಿರಿಯ_ವರದಿಗಾರ (ಬೀದರ್)

ಮೇಷ್ಟ್ರೇ, ಕೇಸಿನ ಹೆದರಿಕೆಗಿಂತ ದೊಡ್ಡ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. 2018ರ ಜುಲೈ 13, ಔರಾದ್ ಕಡೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುಳ್ಳು ಅವರ ಕಾರಿಗಿಂತ ಬೇಗ ವಾಟ್ಸಾಪಿನಲ್ಲಿ ಮುಂದಿನ ಊರಿಗೆ ಹೋಯಿತು. ಮುರ್ಕಿಯಲ್ಲಿ ಜನ ದಾರಿ ಕಟ್ಟಿ ಹೊಡೆದರು. ಒಬ್ಬ ಯುವ ಎಂಜಿನಿಯರ್ ಅಲ್ಲೇ ಜೀವ ಬಿಟ್ಟ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಐದು ಚಾಟಿಗೆ ಸೀಮಿತ ಮಾಡಿತು. ಗ್ರೂಪು ನಡೆಸುವ ಪ್ರತಿಯೊಬ್ಬರೂ ಈ ಊರಿನ ಹೆಸರನ್ನು ಮರೆಯಬಾರದು ಎಂದು ಕೈಮುಗಿದು ಕೇಳುತ್ತೇನೆ.

ಶೇಂಗಾಹಿಂಡಿ_ಆಳಂದ

ಅಣ್ಣಾರ, ನಾ ಮನ್ಯಾಗ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಇನ್‌ಸ್ಟಾಗ್ರಾಂನ್ಯಾಗ ಮಾರ್ತೀನಿ. ನಂದೂ ಎರಡು ಮೂರು ಸಂಶಯ ಅವ. ರೀಲ್ಸಿಗೆ ಸಿನಿಮಾ ಹಾಡು ಹಾಕಿದ್ರ ನೋಟಿಸ್ ಬರ್ತದ ಅಂತಾರ, 15 ಸೆಕೆಂಡಿನ ಒಳಗಿದ್ರ ಏನೂ ಆಗಲ್ಲ ಅಂತನೂ ಅಂತಾರ. ಯಾವುದು ಖರೇ? ಮತ್ತ, ‘ಸಜ್ಜಿ ರೊಟ್ಟಿ ತಿಂದ್ರ ಶುಗರ್ ಹೋಗ್ತದ’ ಅಂತ ಬರೀರಿ, ಸೇಲ್ ಆಗ್ತದ ಅಂತ ಪೇಜ್ ನೋಡ್ಕೊಳ್ಳೋ ಹುಡುಗ ಹೇಳ್ಲತ್ತಾನ. ನನಗ ಮನಸ್ಸಿಲ್ಲ.

ಕ್ಯಾಮೆರಾ_ಬೀದರ್

ಅಕ್ಕಾ, ಹಾಡಿನ ವಿಷಯ ನಾ ಹೇಳ್ತೀನಿ, ನಾವು ದಿನಾ ಅದರಾಗೇ ಇರ್ತೀವಿ. 15 ಸೆಕೆಂಡ್, 30 ಸೆಕೆಂಡ್ ಅನ್ನೋ ವಿನಾಯಿತಿ 1957ರ ಕಾಪಿರೈಟ್ ಕಾಯ್ದೆಯಾಗ ಎಲ್ಲೂ ಇಲ್ಲ. ಮನಿ ಮಂದಿ ತಮ್ಮ ಅಕೌಂಟಿನ್ಯಾಗ ಹಾಡು ಹಾಕೋದಕ್ಕೂ, ಮಾಲು ಮಾರೋ ರೀಲ್ಸಿಗೆ ಅದೇ ಹಾಡು ಹಾಕೋದಕ್ಕೂ ಫರಕ್ ಅದ. ಬಿಸಿನೆಸ್ ಅಕೌಂಟಿಗೆ ಸಿನಿಮಾ ಹಾಡು ಸರಿಯಾಗಿ ಸಿಗದೇ ಇರೋದು ಇದಕ್ಕೇ. ಆ ಅಕೌಂಟಿಗೇ ಅಂತ ಕೊಟ್ಟಿರೋ ಉಚಿತ ಮ್ಯೂಸಿಕ್ ಹಾಕ್ರಿ. ಇಲ್ಲಂದ್ರ ನಿಮ್ಮ ಅತ್ತಿ ಬೀಸುಕಲ್ಲಿನ ಹಾಡು ಹಾಡ್ತಿದ್ರ ಅದನ್ನೇ ರೆಕಾರ್ಡ್ ಮಾಡ್ರಿ, ಅದರ ಮುಂದ ಯಾವ ಸಿನಿಮಾ ಹಾಡೂ ಇಲ್ಲ.

ನಮ್ಮ ಫೋಟೋದವರ ಗೋಳೂ ಹೇಳ್ತೀನಿ. ಬೀದರ್ ಕೋಟೆದ್ದು ನಾ ತೆಗೆದ ಫೋಟೋ ಒಂದು ಅಂಗಡಿಯವರು ನನ್ನ ಹೆಸರು ಕ್ರಾಪ್ ಮಾಡಿ ಜಾಹೀರಾತಿಗೆ ಹಾಕ್ಯಾರ. ಕೇಳಿದ್ರ ‘ಗೂಗಲ್‌ನ್ಯಾಗ ಸಿಕ್ತು’ ಅಂತಾರ.

ವಕೀಲ_ಕಲಬುರಗಿ

ಗೂಗಲ್‌ನ್ಯಾಗ ಸಿಕ್ಕಿದ್ದು ಅಂದ್ರ ಒಡೆಯ ಇಲ್ಲದ್ದು ಅಂತ ಅಲ್ಲ. ನೀವಾಗೇ ತೆಗೆದ ಫೋಟೋಕ್ಕ ಕಾಪಿರೈಟ್ ಮಾಲೀಕರು ನೀವೇ, ನೋಂದಣಿ ಇಲ್ಲದಿದ್ರೂ. ಮೂಲ ಫೈಲ್, ಕ್ಯಾಮೆರಾದ ತಾರೀಖಿನ ಮಾಹಿತಿ ಜೋಪಾನ ಇಡ್ರಿ. ಕಾಪಿರೈಟ್ ಕಾಯ್ದೆಯ 63ನೇ ಕಲಮಿನ್ಯಾಗ ಆರು ತಿಂಗಳಿಂದ ಮೂರು ವರ್ಷದ ತನಕ ಸಜೆ, 50 ಸಾವಿರದಿಂದ 2 ಲಕ್ಷದ ತನಕ ದಂಡ ಅದ.

ಆದ್ರ ಸ್ಟುಡಿಯೋದವರು ಮರೀತಾರ ಅಂತ ಹೇಳ್ತೀನಿ: ರೊಕ್ಕ ಕೊಟ್ಟು ತೆಗೆಸಿದ ಫೋಟೋಕ್ಕ, ಬೇರೆ ಒಪ್ಪಂದ ಇಲ್ಲದಿದ್ರ, 17ನೇ ಕಲಮಿನ ಪ್ರಕಾರ ಮೊದಲ ಮಾಲೀಕರು ತೆಗೆಸಿದವರೇ. ಮದುವಿ ಮನಿಯವರ ಒಪ್ಪಿಗಿ ಇಲ್ಲದ ವಧುವಿನ ಫೋಟೋ ನಿಮ್ಮ ಸ್ಟುಡಿಯೋ ಪೇಜಿಗೆ ಹಾಕಬ್ಯಾಡ್ರಿ. ಆರ್ಡರ್ ತಗೋವಾಗಲೇ ಒಂದು ಸಾಲು ಬರೆಸಿ ಸಹಿ ತಗೋರಿ.

ಅಕ್ಕಾ, ಶುಗರ್ ಮಾತು ನಿಮ್ಮ ಮನಸ್ಸು ಹೇಳಿದಂಗೇ ಬಿಡ್ರಿ. ಆಹಾರದ ಬಗ್ಗೆ ತಪ್ಪು ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನ್ಯಾಗ 10 ಲಕ್ಷದ ತನಕ ದಂಡ ಅದ. ‘ಔಷಧಿ ಕೊಟ್ಟು ಸಕ್ಕರಿ ಕಾಯಿಲೆ ವಾಸಿ ಮಾಡ್ತೀವಿ’ ಅಂತ ರೀಲ್ಸ್ ಮಾಡೋವರಿಗೆ 1954ರ ಇನ್ನೊಂದು ಕಾಯ್ದೆ ಅದ, ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳದ್ದು. ಅದರ ಪಟ್ಟಿಯಲ್ಲಿ ಮಧುಮೇಹದ ಹೆಸರೇ ಅದ. ಅಂಥ ಜಾಹೀರಾತೇ ನಿಷೇಧ. ‘ನಮ್ಮ ಹೊಲದ ಸಜ್ಜಿ, ನಾವೇ ಬಡಿದ ರೊಟ್ಟಿ’ ಅಂತ ಬರೀರಿ, ಖರೇ ಮಾತಿಗೆ ಯಾರೂ ನೋಟಿಸ್ ಕೊಡಂಗಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ ಮನ್ಯಾಗ ಮಾಡಿ ಮಾರೋವರಿಗೂ ಬೇಕು, ಅದನ್ನ ಮೊದಲು ಮಾಡಿಸ್ರಿ.

ರೀಲ್ಸ್_ಶಹಾಪುರ

ಸರ್, ನಾನು ಶಹಾಪುರದವ, ಕಾಲೇಜಿಗೆ ಹೋಗ್ತೀನಿ. ಕಾಮಿಡಿ ರೀಲ್ಸ್ ಮಾಡ್ತೀನಿ. ಒಂದು ಕ್ರಿಕೆಟ್ ಆಪಿನವರು ಸ್ಟೋರಿ ಹಾಕಿದ್ರ ರೊಕ್ಕ ಕೊಡ್ತೀವಿ ಅಂತ ಗಂಟು ಬಿದ್ದಾರ. ಗೆಳೆಯರೆಲ್ಲಾ ಹಾಕ್ಯಾರ.

ವಕೀಲ_ಕಲಬುರಗಿ

ತಮ್ಮಾ, ರೊಕ್ಕ ಕಟ್ಟಿ ಆಡೋ ಆಪ್ ಇದ್ರ ಮುಟ್ಟಬ್ಯಾಡ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯೊಳಗ ಅಂಥ ಆಟದ ಜಾಹೀರಾತಿಗೇ ಎರಡು ವರ್ಷದ ತನಕ ಸಜೆ, 50 ಲಕ್ಷದ ತನಕ ದಂಡ ಅದ. ಆಪ್ ನಡೆಸೋವ ಯಾವುದೋ ದೇಶದಾಗ ಇರ್ತಾನ, ಪೊಲೀಸರಿಗೆ ಶಹಾಪುರದಾಗ ಸಿಗೋವ ನೀನು.

ಬಟ್ಟಿ ಅಂಗಡಿ, ಹೋಟೆಲ್ ಪ್ರಮೋಶನ್ ಮಾಡು, ತಪ್ಪಿಲ್ಲ. ಆದ್ರ ರೊಕ್ಕ ತಗೊಂಡಿದ್ರ, ಪುಕ್ಕಟೆ ಊಟ ಮಾಡಿದ್ರೂ, ಅದು ಜಾಹೀರಾತು ಅಂತ ಕಾಣೋಹಂಗ ಬರಿ. ಹ್ಯಾಷ್‌ಟ್ಯಾಗ್ ಗುಂಪಿನ್ಯಾಗ ಹುದುಗಿಸಬ್ಯಾಡ. ಕೇಂದ್ರದ ಗ್ರಾಹಕ ಮಾರ್ಗಸೂಚಿಗಳು ಅದನ್ನೇ ಹೇಳ್ತಾವ. ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರಿಗೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷದ ತನಕ ದಂಡ ಹಾಕಬಹುದು.

ತೊಗರಿ_ಸೇಡಂ

ನಂದೂ ಒಂದು ತಕರಾರು. ಎಲ್ಲಿಂದಲೋ ತಂದ ಬ್ಯಾಳಿ ಪ್ಯಾಕ್ ಮಾಡಿ ಫೇಸ್‌ಬುಕ್ಕಿನ್ಯಾಗ ‘ಅಸಲಿ ಗುಲ್ಬರ್ಗಾ ತೊಗರಿ’ ಅಂತ ಮಾರ್ಲತ್ತಾರ. ಮಳಿಗೆ, ಬಿಸಿಲಿಗೆ ಎದಿ ಕೊಟ್ಟು ಬೆಳೆಯೋವರು ನಾವು.

ವಕೀಲ_ಕಲಬುರಗಿ

ಇದು ನಮ್ಮ ಭಾಗದವರೆಲ್ಲಾ ತಿಳಿಬೇಕಾದ ವಿಷಯ. ಗುಲ್ಬರ್ಗಾ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಇಂಥಾ ಊರಿನ ಮಾಲು ಅನ್ನೋ ಭೌಗೋಳಿಕ ಗುರುತು) ಸಿಕ್ಕದ. ಬೀದರಿನ ಬಿದ್ರಿ ಕಲೆಗೆ ಅದಕ್ಕೂ ಮೊದಲೇ ಇತ್ತು. ಬೇರೆ ಕಡಿ ಬೆಳೆದಿದ್ದಕ್ಕ ಆ ಹೆಸರು ಹಚ್ಚಿ ಮಾರೋದು 1999ರ ಜಿಐ ಕಾಯ್ದೆ ಪ್ರಕಾರ ಅಪರಾಧ, ಆರು ತಿಂಗಳಿಂದ ಮೂರು ವರ್ಷದ ತನಕ ಸಜೆ. ಆದ್ರ ನಮ್ಮ ರೈತರೂ ಸುಮ್ಮ ಕೂಡಬಾರದು. ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರ ಅಂತ ಹೆಸರು ಬರೆಸಿಕೊಂಡ್ರ ನಕಲಿಯವರ ಮ್ಯಾಲ ನೀವೇ ನೇರ ದಾವೆ ಹಾಕಬಹುದು. ನಮ್ಮ ತೊಗರಿ ಮಂಡಳಿ ಕಲಬುರಗಿಯಲ್ಲೇ ಅದ, ಅವರನ್ನ ಕೇಳ್ರಿ. ಬಿದ್ರಿ ಕೆಲಸದ ಉಸ್ತಾದರಿಗೂ ಈ ಮಾತು ಮುಟ್ಟಿಸ್ರಿ.

ಮಿಠಾಯಿ_ಸೂಪರ್‌ಮಾರ್ಕೆಟ್ (ಕಲಬುರಗಿ)

ಸೆನ್ ಠಾಣೆಗಿ (ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ) ಹೋಗಿ ಬಂದೆ, ಸುಲಿಗೆ ಅಂತೇ ಬರೆದು ಕೊಟ್ಟೀನಿ, ತಗೊಂಡಾರ. ಈಗ ಒಂದು ಹೊಸ ನಂಬರಿನಿಂದ ವಾಟ್ಸಾಪ್‌ನ್ಯಾಗ ‘ಪೊಲೀಸ್ ನೋಟಿಸ್’ ಅಂತ ಪಿಡಿಎಫ್ ಬಂದದ, ನನ್ನ ಮ್ಯಾಲೇ ದೂರು ಆಗ್ಯದ, ಹಾಜರಾಗು ಅಂತ. ಅಪ್ಪ ಭಾಳ ಹೆದರ್ಯಾರ.

ವಕೀಲ_ಕಲಬುರಗಿ

ಅಪ್ಪಾಜಿಗೆ ಧೈರ್ಯ ಹೇಳ್ರಿ. ಹಾಜರಾಗ್ರಿ ಅನ್ನೋ ನೋಟಿಸನ್ನ ವಾಟ್ಸಾಪಿನ್ಯಾಗ ಕಳಿಸಿದ್ರ ಅದು ಜಾರಿ ಆದಂಗ ಅಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಾಗ ಸ್ಪಷ್ಟ ಹೇಳ್ಯದ. ಆ ನಂಬರಿಗೆ ಉತ್ತರ ಕೊಡಬ್ಯಾಡ್ರಿ, ಲಿಂಕ್ ಒತ್ತಬ್ಯಾಡ್ರಿ. ಆ ಪಿಡಿಎಫ್ ಒಯ್ದು ನಿಮ್ಮ ದೂರಿನ ತನಿಖಾಧಿಕಾರಿಗೇ ತೋರಿಸ್ರಿ. ಪೊಲೀಸರ ಹೆಸರಿನ್ಯಾಗ ನಕಲಿ ಮಾಡಿದ್ದಿದ್ರ ಅದೂ ನಿಮ್ಮ ಕೇಸಿಗೆ ಸೇರ್ತದ. ರೊಕ್ಕ ಏನಾದ್ರೂ ಹೋಗಿದ್ರ ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ.

ಶೇಂಗಾಹಿಂಡಿ_ಆಳಂದ

ಕಡೀ ಪ್ರಶ್ನೆ ಅಣ್ಣಾರ. ಶುಗರ್ ಮಾತು ಹಾಕಲ್ಲ ಅಂದಿದ್ದಕ್ಕ ಆ ಹುಡುಗ ಸಿಟ್ಟಾಗಿ ಪೇಜಿನ ಪಾಸ್‌ವರ್ಡ್ ಕೊಡ್ಲತ್ತಿಲ್ಲ. ಪೇಜ್ ಅವನ ಫೋನ್ ನಂಬರಿನ ಮ್ಯಾಲೇ ಅದ. ಅಷ್ಟೂ ಗಿರಾಕಿ ಅದರಾಗೇ ಅವ. ವಕೀಲರ ಫೀಸ್ ಕೊಡೋ ಶಕ್ತಿ ನನಗಿಲ್ಲ.

ವಕೀಲ_ಕಲಬುರಗಿ

ಅಕ್ಕಾ, ಅವನಿಗೆ ನೀವು ಕೊಟ್ಟ ರೊಕ್ಕದ ಫೋನ್‌ಪೇ ದಾಖಲೆ, ‘ನನ್ನ ಪೇಜ್ ನೋಡ್ಕೋ’ ಅಂತ ಮಾತಾಡಿದ ಚಾಟ್, ನಿಮ್ಮ ಹೆಸರಿನ ಎಫ್‌ಎಸ್‌ಎಸ್‌ಎಐ ಅರ್ಜಿ, ಮೊದಲಿನ ರೀಲ್ಸಿನ್ಯಾಗ ನೀವೇ ಕಾಣೋದು, ಇವೆಲ್ಲಾ ಕೂಡಿಸಿದ್ರ ವ್ಯಾಪಾರ ನಿಮ್ಮದು ಅಂತ ಗೊತ್ತಾಗ್ತದ. ಮೊದಲು ಅವನಿಗೆ ಬರಹದಾಗ ಕೇಳ್ರಿ, ತಾರೀಖು ಹಾಕಿ. ಮಾತು ಸೌಮ್ಯ ಇರಲಿ, ನಾಳೆ ಅದೇ ಕಾಗದ ಕೋರ್ಟ್ ಓದ್ತದ. ಅವ ಕೊಟ್ಟ ಕೂಡ್ಲೇ ನಿಮ್ಮ ನಂಬರ್, ನಿಮ್ಮ ಇಮೇಲ್ ಹಾಕಿ, ಎರಡು ಹಂತದ ಭದ್ರತೆ ಚಾಲೂ ಮಾಡ್ರಿ. ಮುಂದ ಯಾರನ್ನೇ ಇಟ್ಕೊಂಡ್ರೂ ಪಾಸ್‌ವರ್ಡ್ ಕೊಡದೇ, ಕೆಲಸಕ್ಕ ಬೇಕಾದಷ್ಟೇ ಅನುಮತಿ ಕೊಡ್ರಿ.

ಫೀಸಿನ ಚಿಂತಿ ಬಿಡ್ರಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಪುಕ್ಕಟೆ. ಆಳಂದ ಕೋರ್ಟಿನ್ಯಾಗೇ ತಾಲೂಕು ಕಾನೂನು ಸೇವಾ ಸಮಿತಿಗಿ ಹೋಗ್ರಿ, ಇಲ್ಲಾ ಕಾನೂನು ನೆರವಿನ ಸಹಾಯವಾಣಿ 15100ಕ್ಕ ಫೋನ್ ಹಚ್ಚ್ರಿ. ಆಧಾರ್ ಕಾರ್ಡ್, ಚಾಟಿನ ಪ್ರಿಂಟ್ ಒಯ್ಯೋದು ಮರೀಬ್ಯಾಡ್ರಿ.